ನಡುಮನೆಯ ಕತ್ತಲೆಯೂ ಬೆಳಗುವ ಕೀಲಿಮಣೆಯೂ

ಮನೆಗೆ ಒಂದೇ ದೀಪವಿದ್ದ ಕಾಲದಲ್ಲಿ ಓದತಕ್ಕವರೂ ಬರೆಯತಕ್ಕವರೂ ದೀಪವಿದ್ದ ಕಡೆಗೆ ಹೋಗಿ ಕುಳಿತುಕೊಳ್ಳುತ್ತಿದ್ದರು. ವಿದ್ಯುಚ್ಛಕ್ತಿ ಬಂದ ಮೇಲೆ ದೀಪವೇ ಪ್ರತಿಯೊಂದು ಕೋಣೆಗೂ ಬಂದಿತು; ಆದರೆ ಅದರೊಡನೆ ಒಂದು ತೊಡಕೂ ಬಂದಿತು. ಎಣ್ಣೆಯ ದೀಪದ ಬತ್ತಿಯನ್ನು ಸಣ್ಣದು ಮಾಡಿಕೊಂಡರೆ ಒಬ್ಬರು ಎಚ್ಚರವಾಗಿದ್ದು ಮತ್ತೊಬ್ಬರು ಅದೇ ಕೋಣೆಯಲ್ಲಿ ನಿದ್ರೆ ಮಾಡಬಹುದಾಗಿದ್ದಿತು. ಗೋಡೆಯ ಗುಂಡಿಯನ್ನು ಒತ್ತಿದೊಡನೆ ಹೊತ್ತಿಕೊಳ್ಳುವ ಟ್ಯೂಬುಲೈಟಿಗೆ ಅಂಥ ದಾಕ್ಷಿಣ್ಯವಿಲ್ಲ. ಎಚ್ಚರವಾಗಿರುವವರಿಗೆ ಎಷ್ಟು ಹಗಲೋ ಮಲಗಿರುವವರಿಗೂ ಅಷ್ಟೇ ಹಗಲನ್ನು ಅದು ಮಾಡಿಬಿಡುತ್ತದೆ. ಅಕ್ಷರಗಳೇ ಒಳಗಿನಿಂದ ಬೆಳಗುವ, ತಂತಿಯ ಕಟ್ಟಿಲ್ಲದ ಕೀಲಿಮಣೆಯೊಂದು ಹಾಸನದ ಒಂದು ಮನೆಯನ್ನು ಹೊಕ್ಕಿದ್ದು ಈ ತೊಡಕಿನ ದೆಸೆಯಿಂದಲೇ.

ಆ ಮನೆಯ ಯಜಮಾನರು ಹೈಸ್ಕೂಲಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಪಂಡಿತರಾಗಿದ್ದು ವಿಶ್ರಾಂತರಾದವರು. ಬೀದಿಯವರೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಾರೆ. ಅವರ ಪತ್ನಿ ಅರಕಲಗೂಡು ಸೀಮೆಯ ಒಂದು ಹಳ್ಳಿಯಿಂದ ಬಂದವರು. ನಾಲ್ಕನೆಯ ತರಗತಿಯವರೆಗೆ ಓದಿದವರು. 2022ರ ಮಳೆಗಾಲದಲ್ಲಿ ಆಕೆ ಬಚ್ಚಲುಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿಯಿತು. ಶಸ್ತ್ರಚಿಕಿತ್ಸೆಯೇನೋ ಸುಸೂತ್ರವಾಗಿ ನೆರವೇರಿತು. ಆದರೆ ಮಹಡಿಯ ಮೇಲಿನ ಕೋಣೆಗೆ ಹತ್ತಿಹೋಗುವುದು ಮಾತ್ರ ಅಂದಿಗೇ ಮುಗಿಯಿತು. ಆಕೆಯ ಮಂಚವು ನಡುಮನೆಗೆ ಇಳಿಯಿತು. ಅದರ ಪಕ್ಕದ ದಿವಾನದ ಮೇಲೆ ಮೇಷ್ಟ್ರ ಹಾಸಿಗೆಯೂ ಬಿದ್ದಿತು. ಮನೆಯಲ್ಲಿದ್ದ ಒಂದೇ ಒಂದು ಕಂಪ್ಯೂಟರೂ ಅದೇ ನಡುಮನೆಯಲ್ಲಿದ್ದಿತು. ಊಟದ ಡಬ್ಬಿಗಿಂತ ದೊಡ್ಡದಲ್ಲದ ಆ ಪೆಟ್ಟಿಗೆಯನ್ನು ಮಗನು ಟೀವಿಯ ಹಿಂದೆ ಗೋಡೆಗೆ ಸಿಕ್ಕಿಸಿ, ಟೀವಿಯ ತೆರೆಯನ್ನೇ ಅದರ ತೆರೆಯನ್ನಾಗಿ ಮಾಡಿ, ಬೆಂಗಳೂರಿಗೆ ಹೊರಟುಹೋಗಿದ್ದನು. ಸಂಜೆಯ ಹೊತ್ತು ಆ ತೆರೆಯು ಸೊಸೆಯ ಧಾರಾವಾಹಿಗೋ, ರಜೆಗೆ ಬಂದ ಮೊಮ್ಮಗನ ಕ್ರಿಕೆಟ್ಟಿಗೋ ಸೇರಿದ್ದು. ಮೇಷ್ಟ್ರ ಪಾಲಿಗೆ ಉಳಿದದ್ದು ಬೆಳಗಿನ ಜಾವ.

ಬೆಳಗಿನ ಜಾವಕ್ಕೆ ಮತ್ತೊಬ್ಬರ ಹಕ್ಕೂ ಇದ್ದಿತು. ನಾಲ್ಕು ಗಂಟೆಯ ಸುಮಾರಿಗೆ ಆಕೆಗೆ ನಿದ್ರೆ ತಿಳಿಯಾಗುತ್ತಿದ್ದಿತು. ಮಗ್ಗುಲು ತಿರುಗಲಾರದೆ ಮಲಗಿದ್ದಲ್ಲಿಯೇ ಆಕೆ ಸಣ್ಣ ದನಿಯಲ್ಲಿ ಹಾಡಿಕೊಳ್ಳುವುದಕ್ಕೆ ತೊಡಗಿದರು. ಮೊದಲಲ್ಲಿ ಮೇಷ್ಟ್ರು ಅದನ್ನು ನೋವಿನ ನರಳಾಟವೆಂದು ಭಾವಿಸಿ ಎದ್ದು ಕುಳಿತರಂತೆ. ನರಳಾಟವಲ್ಲ, ರಾಗಿ ಬೀಸುವ ಪದ. ಆಕೆಯ ಬಾಲ್ಯದಲ್ಲಿ ತಾಯಿಯೂ ದೊಡ್ಡಮ್ಮನೂ ಕೋಳಿ ಕೂಗುವುದಕ್ಕೆ ಮೊದಲೇ ಎದ್ದು, ಬೀಸುವ ಕಲ್ಲಿನ ಎರಡು ಕಡೆಯಲ್ಲಿ ಕುಳಿತು, ಒಂದೇ ಗೂಟವನ್ನು ಇಬ್ಬರೂ ಹಿಡಿದು, ಕತ್ತಲೆಯಲ್ಲಿಯೇ ಹಾಡುತ್ತ ಬೀಸುತ್ತಿದ್ದರು. ಎಣ್ಣೆಯನ್ನು ದಂಡ ಮಾಡುವಂತಿರಲಿಲ್ಲ. ಕೈಗೆ ತಿಳಿದ ಕೆಲಸಕ್ಕೆ ದೀಪದ ಅಗತ್ಯವೂ ಇರಲಿಲ್ಲ. ಊರಿಗೆ ಹಿಟ್ಟಿನ ಗಿರಣಿ ಬಂದಿತು, ಬೀಸುವ ಕಲ್ಲು ಅಂಗಳದ ಮೂಲೆಯನ್ನು ಸೇರಿತು, ಪದಗಳು ನಿಂತವು. ನಿಂತವೆಂದೇ ಎಲ್ಲರೂ ತಿಳಿದಿದ್ದರು. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಎಂಬ ಪುಸ್ತಕದ ಮಹತ್ತ್ವವನ್ನು ಮೇಷ್ಟ್ರು ವರ್ಷವರ್ಷವೂ ತರಗತಿಯಲ್ಲಿ ಮನಮುಟ್ಟುವಂತೆ ವಿವರಿಸುತ್ತಿದ್ದರು. ನಲವತ್ತೆಂಟು ವರ್ಷ ಜೊತೆಯಲ್ಲಿ ಬಾಳಿದ ಹೆಂಡತಿಯ ಗಂಟಲಿನಲ್ಲಿ ಅಂಥದೇ ಭಂಡಾರವಿದೆಯೆಂಬುದು ಅವರಿಗೆ ತಿಳಿದದ್ದು ಆಕೆಯ ಸೊಂಟ ಮುರಿದ ಮೇಲೆ. ವಿದ್ವಾಂಸರ ಮನೆಗಳಲ್ಲಿ ಇದು ಅಪರೂಪದ ಸಂಗತಿಯೇನೂ ಅಲ್ಲ.

ಬರೆದುಕೊಳ್ಳಬೇಕೆಂದು ಮೇಷ್ಟ್ರು ಮೊದಲನೆಯ ದಿವಸವೇ ದೀಪ ಹಾಕಿದರು. ಹಾಡು ಥಟ್ಟನೆ ನಿಂತಿತು. “ಯಾಕ್ರೀ ಆ ದೀಪ ಹಾಕಿದ್ರಿ? ಮುಂದಿನ ನುಡಿ ಮರೆತೇ ಹೋಯ್ತು” ಎಂದು ಆಕೆ ಕಣ್ಣಿನ ಮೇಲೆ ತೋಳನ್ನು ಅಡ್ಡ ಹಿಡಿದರು. ಮರೆತದ್ದು ನಿಜವೇ. ಹಗಲಿನಲ್ಲಿ ಕೇಳಿದರೆ ಎರಡು ನುಡಿಯ ಮುಂದಕ್ಕೆ ಹೋಗದ ಹಾಡು ಕತ್ತಲೆಯಲ್ಲಿ ಹನ್ನೆರಡು ಹದಿನಾಲ್ಕು ನುಡಿಗಳ ತನಕ ತಾನಾಗಿಯೇ ಹರಿದು ಬರುತ್ತಿದ್ದಿತು. ಕತ್ತಲೆಯಲ್ಲಿಯೇ ಕಾಗದದ ಮೇಲೆ ಪೆನ್ಸಿಲಿನಿಂದ ಬರೆದು ನೋಡಿದರು. ಬೆಳಗಾದ ಮೇಲೆ ಒಂದು ಸಾಲು ಮತ್ತೊಂದು ಸಾಲಿನ ಹೆಗಲ ಮೇಲೆ ಹತ್ತಿ ಕುಳಿತಿದ್ದಿತು. ಮೊಮ್ಮಗನು ತನ್ನ ಚಾರಣದ ಹಣೆದೀಪವನ್ನು ಕೊಟ್ಟನು. ಅದನ್ನು ಕಟ್ಟಿಕೊಂಡು ಕುಳಿತ ಗಂಡನನ್ನು ಕಂಡು ಆಕೆಗೆ ಬಂದ ನಗೆಯಲ್ಲಿ ಅಂದಿನ ಹಾಡೇ ಕೊಚ್ಚಿಹೋಯಿತು. ಫೋನಿನಲ್ಲಿ ದನಿಯನ್ನು ಹಿಡಿದಿಡಬಾರದೇಕೆ ಎಂದು ವಾಚಕರು ಕೇಳಬಹುದು. ಮೇಷ್ಟ್ರೂ ಕೇಳಿದ್ದರು. “ಈ ಒಡಕು ಗಂಟಲನ್ನ ಯಂತ್ರದೊಳಗೆ ತುಂಬಿ ಯಾರಿಗೆ ಕೇಳಿಸ್ಬೇಕು? ಬರ್ಕೊಳ್ಳೋದಾದ್ರೆ ಬರ್ಕೊಳ್ಳಿ, ದನಿ ಬೇಡ” ಎಂದು ಆಕೆ ಖಂಡಿತವಾಗಿ ಹೇಳಿಬಿಟ್ಟರು. ಆಕೆಗೆ ತಿಳಿಯದಂತೆ ಹಿಡಿಯಬಹುದಾಗಿದ್ದಿತು, ಮೇಷ್ಟ್ರು ಹಿಡಿಯಲಿಲ್ಲ.

ಹಾಗೆ ಉಳಿದದ್ದು ಕಂಪ್ಯೂಟರು. ತೆರೆಯ ಬೆಳಕೇ ಕೋಣೆಯನ್ನು ತುಂಬಿಬಿಡುತ್ತದೆಂಬ ಭಯಕ್ಕೆ ಮೊಮ್ಮಗನು ಪರಿಹಾರ ಕಂಡುಹಿಡಿದನು. ಬಿಳಿಯ ಪುಟದ ಮೇಲೆ ಕಪ್ಪು ಅಕ್ಷರವಿರುವುದನ್ನು ತಿರುಗಿಸಿ ಕಪ್ಪು ಪುಟದ ಮೇಲೆ ಬೂದುಬಣ್ಣದ ಅಕ್ಷರವನ್ನು ಮಾಡಿದನು. ಟೀವಿಯ ಪ್ರಕಾಶವನ್ನು ಕಟ್ಟಕಡೆಗೆ ಇಳಿಸಿದನು. ಟೀವಿಯ ಕಪ್ಪು ಸಂಪೂರ್ಣ ಕಪ್ಪಲ್ಲ. ತೆರೆಯ ಹಿಂದಿನ ದೀಪಗಳು ಉರಿಯುತ್ತಲೇ ಇರುವುದರಿಂದ ಅದರಲ್ಲಿ ಮಂಜಿನಂಥ ಒಂದು ಮಾಸಲು ಬೆಳಕು ಉಳಿದೇ ಇರುತ್ತದೆ. ಆದರೂ ದೇವರ ಮನೆಯ ನಂದಾದೀಪಕ್ಕಿಂತ ಅದು ಹೆಚ್ಚಲ್ಲವೆಂದು ಆಕೆ ಒಪ್ಪಿಕೊಂಡರು. ಎಂಟಡಿ ದೂರದಿಂದ ಓದಬೇಕಾದ ಕಾರಣ ಅಕ್ಷರಗಳನ್ನು ಎರಡರಷ್ಟು ದೊಡ್ಡದು ಮಾಡಬೇಕಾಯಿತು. ಒಂದು ಕಣ್ಣಿನ ಪೊರೆ ತೆಗೆಸಿದ್ದ ಮೇಷ್ಟ್ರಿಗೆ ಇದು ಬೇರೆ ರೀತಿಯಲ್ಲಿಯೂ ಅನುಕೂಲವಾಯಿತು. ಮುದ್ರಿತ ಪುಸ್ತಕಕ್ಕಿಂತ ಗೋಡೆಯ ಮೇಲಿನ ಈ ಅಂಗೈಯಗಲದ ಅಕ್ಷರಗಳು ಅವರಿಗೆ ಹಿತವೆನಿಸಿದವು.

ತೊಂದರೆಯಿದ್ದದ್ದು ತೆರೆಯಲ್ಲಲ್ಲ, ತೊಡೆಯ ಮೇಲೆ. ಆ ಮಾಸಲು ಬೆಳಕಿನಲ್ಲಿ ಹಳೆಯ ಕೀಲಿಮಣೆಯು ಒಂದು ಕರಿಯ ಹಲಗೆಯಾಗಿ ಕಾಣುತ್ತಿದ್ದಿತೇ ಹೊರತು ಅದರ ಮೇಲೆ ಅಕ್ಷರವೆಂಬುದೊಂದೂ ಕಾಣುತ್ತಿರಲಿಲ್ಲ. ಅದರ ತಂತಿಯೂ ದಿವಾನದ ತನಕ ಬರುತ್ತಿರಲಿಲ್ಲ. ಉದ್ದನೆಯ ತಂತಿಯನ್ನು ಹಾಕಿದರೆ ರಾತ್ರಿ ಎದ್ದು ಕೋಲೂರಿಕೊಂಡು ನಡೆಯುವ ಆಕೆಯ ಕಾಲಿಗೆ ಅದು ಉರುಲಾಗುವ ಭಯ. ಒಮ್ಮೆ ಬಿದ್ದವರ ಮನೆಯಲ್ಲಿ ನೆಲದ ಮೇಲಿನ ತಂತಿಯನ್ನು ಹಾವಿನಂತೆ ನೋಡುತ್ತಾರೆ. 2023ರ ದಸರೆಗೆ ಬಂದ ಮಗನು ತಂತಿಯಿಲ್ಲದ, ಒಳದೀಪವುಳ್ಳ ಕೀಲಿಮಣೆಯೊಂದನ್ನು ತಂದನು. ಅಂಗಡಿಯಲ್ಲಿ ಅದನ್ನು ಆಟವಾಡುವ ಹುಡುಗರ ಸಾಮಗ್ರಿಗಳ ನಡುವೆ ಇಟ್ಟಿದ್ದರಂತೆ.

ಇಂಥ ಕೀಲಿಮಣೆಯ ರಚನೆಯು ಸರಳವಾದದ್ದು. ಬೆಳಕನ್ನು ಹಾಯಗೊಡುವ ಪ್ಲಾಸ್ಟಿಕ್ಕಿನಿಂದ ಕೀಲಿಗಳನ್ನು ಮಾಡಿ, ಮೇಲೆ ಕಪ್ಪು ಬಣ್ಣವನ್ನು ಬಳಿದು, ಅಕ್ಷರವಿರುವೆಡೆಯಲ್ಲಿ ಮಾತ್ರ ಬಣ್ಣವನ್ನು ಕೆತ್ತಿ ತೆಗೆದಿರುತ್ತಾರೆ. ಕೆಳಗೆ ಸಣ್ಣ ಸಣ್ಣ ಎಲ್‌ಇಡಿ ದೀಪಗಳಿದ್ದು ಅವುಗಳ ಬೆಳಕು ತೆಳ್ಳನೆಯ ಹಾಳೆಯೊಂದರ ಮೂಲಕ ಎಲ್ಲ ಕಡೆಗೂ ಹರಡಿ ಆ ಕೆತ್ತನೆಯ ಸಂದಿಯಿಂದ ಮೇಲಕ್ಕೆ ಬರುತ್ತದೆ. ಅಂದರೆ ಅಕ್ಷರವು ಬರೆದದ್ದಲ್ಲ, ಬರೆಯದೆ ಬಿಟ್ಟದ್ದು. ಹೀಗೆ ಬೆಳ್ಳಗೆ ಬೆಳಗುವ ಎಲ್‌ಇಡಿಗೆ ಮೂಲವಾದದ್ದು ನೀಲಿಯ ಎಲ್‌ಇಡಿ. ನೀಲಿಯ ಬೆಳಕಿಗೆ ಹಳದಿಯಾಗಿ ಹೊಳೆಯುವ ಲೇಪವನ್ನು ಸೇರಿಸಿ ಬಿಳುಪನ್ನು ಪಡೆಯುತ್ತಾರೆ. ಆ ನೀಲಿಯನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಹುಮಾನವು ದೊರೆಯಿತು. ಮೇಷ್ಟ್ರು ಪ್ರಕಾಶದ ಮೆಟ್ಟಿಲುಗಳಲ್ಲಿ ಕಟ್ಟಕಡೆಯದನ್ನೇ ಇಟ್ಟುಕೊಂಡರು; ಮೇಲಿನದಕ್ಕೆ ಹೋದರೆ ಅಕ್ಷರಗಳು ಕನ್ನಡಕದ ಗಾಜಿನಲ್ಲಿ ಪ್ರತಿಬಿಂಬಿಸಿ ಕಣ್ಣಿಗೆ ಚುಚ್ಚುತ್ತಿದ್ದವು. ಅವರದು ಎರಡು ಭಾಗದ ಬೈಫೋಕಲ್ ಕನ್ನಡಕ. ಮೇಲಿನ ಭಾಗದಿಂದ ಟೀವಿ, ಕೆಳಗಿನ ಭಾಗದಿಂದ ಕೀಲಿ. ನೀರು ಕುಡಿಯುವ ಕೋಳಿಯ ಹಾಗೆ ತಲೆಯನ್ನು ಎತ್ತುತ್ತಲೂ ತಗ್ಗಿಸುತ್ತಲೂ ಅವರು ಬರೆಯುತ್ತಿದ್ದರೆಂದು ಸೊಸೆ ಹೇಳುತ್ತಾಳೆ.

ಬೆಳಗಿದ ಅಕ್ಷರಗಳೆಲ್ಲ ಇಂಗ್ಲಿಷಿನವು. ಕನ್ನಡದ ಅಕ್ಷರಗಳನ್ನು ಅಚ್ಚು ಹಾಕಿದ ಅಂಟುಚೀಟಿಗಳು ಪೇಟೆಯಲ್ಲಿ ದೊರೆಯುತ್ತವೆ. ಹಳೆಯ ಕೀಲಿಮಣೆಗೆ ಮೇಷ್ಟ್ರು ಅವನ್ನೇ ಅಂಟಿಸಿಕೊಂಡಿದ್ದರು. ಹೊಸದರ ಮೇಲೆ ಅಂಟಿಸಿ ನೋಡಿದಾಗ ಚೀಟಿಯು ಬೆಳಕನ್ನೇ ಮುಚ್ಚಿಬಿಟ್ಟಿತು. ಬೆಳಕು ಬೇಕಾದರೆ ಇಂಗ್ಲಿಷು, ಕನ್ನಡ ಬೇಕಾದರೆ ಕತ್ತಲೆ ಎಂಬಂತಾಯಿತು. ಪಂಡಿತರಾದವರಿಗೆ ಇದು ಸ್ವಲ್ಪ ಮನಸ್ಸಿಗೆ ತಾಕುವ ಮಾತೇ. ಆದರೆ ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಗಳ ವಿನ್ಯಾಸವು ಇಲ್ಲಿ ಕೈಹಿಡಿಯಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಕಚೇರಿಗಳಿಗೂ ಶಾಲೆಗಳಿಗೂ ಹರಡಿದ ಈ ಕ್ರಮದಲ್ಲಿ ಇಂಗ್ಲಿಷಿನ ಧ್ವನಿಯನ್ನು ಅನುಸರಿಸಿಯೇ ಕನ್ನಡದ ಅಕ್ಷರಗಳು ಕುಳಿತಿವೆ. ಕೆ ಎಂಬುದು ಕಕಾರ, ಶಿಫ್ಟನ್ನು ಸೇರಿಸಿದರೆ ಖಕಾರ. ಅಲ್ಪಪ್ರಾಣಕ್ಕೆ ಬರಿಯ ಬೆರಳು, ಮಹಾಪ್ರಾಣಕ್ಕೆ ಎರಡು ಬೆರಳು. ಧ್ವನಿಗೆ ಹೊಂದದೆ ಉಳಿಯುವ ಕೀಲಿಗಳು ಸ್ವಲ್ಪವೇ. ಕ್ಯೂ ಎಂದು ಬೆಳಗುವ ಕೀಲಿಯಲ್ಲಿ ಟಕಾರ, ಡಬ್ಲ್ಯುವಿನಲ್ಲಿ ಡಕಾರ, ಎಕ್ಸಿನಲ್ಲಿ ಷಕಾರ; ಎಫ್ ಎಂಬ ಕೀಲಿಯಲ್ಲಿ ಅಕ್ಷರವೇ ಇಲ್ಲ, ಅದು ಒತ್ತಕ್ಷರಕ್ಕಾಗಿ ಒಂದು ವ್ಯಂಜನವನ್ನು ಮತ್ತೊಂದಕ್ಕೆ ಕಟ್ಟುವ ಗಂಟು. ದೀಪವು ಸುಳ್ಳು ಹೇಳುವ ಸ್ಥಳಗಳು ಇವಿಷ್ಟೇ ಎಂದು ಮೇಷ್ಟ್ರು ನೆನಪಿನಲ್ಲಿಟ್ಟುಕೊಂಡು, ಉಳಿದ ಕಡೆಗಳಲ್ಲಿ ಅದನ್ನು ನಂಬಿದರು.

ಕೆಲಸ ಸಾಗಿತು. ಕೂಡಲೇ ಒಂದು ರೋಗವೂ ಕಾಣಿಸಿಕೊಂಡಿತು. ಅಲ್ಲಲ್ಲಿ ಒಂದೊಂದು ಒತ್ತು ಮಾಯವಾಗತೊಡಗಿತು. ‘ಅಕ್ಕ’ ಎಂದು ಒತ್ತಿದರೆ ತೆರೆಯ ಮೇಲೆ ‘ಅಕಕ’ ಎಂದು ಬರುವುದು. ಕೆಲವು ವೇಳೆ ಒಂದೇ ನಕಾರವು ಐದಾರು ನಕಾರಗಳಾಗಿ ಓಡುವುದು. ಮೇಷ್ಟ್ರು ತಮ್ಮ ಬೆರಳಿನ ಮೇಲೆ ಸಂಶಯಪಟ್ಟರು. ಎಪ್ಪತ್ತು ದಾಟಿದವರು ಮೊದಲು ಸಂಶಯಪಡುವುದು ತಮ್ಮ ಮೇಲೆಯೇ. ಕಾರಣವು ಬೇರೆಡೆಯಲ್ಲಿದ್ದಿತು. ಕೀಲಿಮಣೆಯಿಂದ ಹೊರಡುವ ಸಂಕೇತಗಳು 2.4 ಗಿಗಾಹರ್ಟ್ಸ್ ಎಂಬ ರೇಡಿಯೋ ಹಾದಿಯಲ್ಲಿ ಸಾಗುತ್ತವೆ. ಮನೆಯ ವೈಫೈ ಸಂಚರಿಸುವುದೂ ಬಹುಮಟ್ಟಿಗೆ ಅದರಲ್ಲಿಯೇ. ಅವನ್ನು ಸ್ವೀಕರಿಸುವ ಡಾಂಗಲ್ ಎಂಬುದು ಹೆಬ್ಬೆರಳಿನ ಉಗುರಿನಷ್ಟಿದ್ದು ಟೀವಿಯ ಹಿಂದಿನ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡಿದ್ದಿತು. ಅದಕ್ಕೆ ತಗಲಿಕೊಂಡಂತೆಯೇ ಮೊಮ್ಮಗನು ಸಿನಿಮಾಗಳನ್ನು ತುಂಬಿದ ಡಿಸ್ಕೊಂದನ್ನು ವೇಗದ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿ ಹೋಗಿದ್ದನು. ಆ ವೇಗದ ಕಿಂಡಿಗಳು ಕೆಲಸ ಮಾಡುವಾಗ ಅದೇ 2.4ರ ಹಾದಿಯಲ್ಲಿ ಗದ್ದಲವನ್ನು ಚೆಲ್ಲುತ್ತವೆಂಬುದನ್ನು ಇಂಟೆಲ್ ಸಂಸ್ಥೆಯೇ 2012ರಲ್ಲಿ ಲೇಖನವೊಂದರಲ್ಲಿ ವಿವರಿಸಿದೆ. ಜಾತ್ರೆಯಲ್ಲಿ ತಮಟೆಯವನ ಪಕ್ಕದಲ್ಲಿ ನಿಂತು ಪಿಸುಮಾತನ್ನು ಕೇಳಿಸಿಕೊಳ್ಳಬೇಕಾದ ಸ್ಥಿತಿ ಡಾಂಗಲಿನದು. ನಾಲ್ಕಡಿಯ ಒಂದು ಕೇಬಲನ್ನು ತಂದು ಡಾಂಗಲನ್ನು ಷೋಕೇಸಿನ ಮುಂಭಾಗದಲ್ಲಿ, ದಿವಾನಕ್ಕೆ ಎದುರಾಗಿ ಕೂರಿಸಿದ ಮೇಲೆ ಒತ್ತುಗಳೆಲ್ಲ ಮನೆಗೆ ಹಿಂದಿರುಗಿದವು.

ತಂತಿಯಿಲ್ಲದ ಕೀಲಿಮಣೆಯ ಹಿರಿಯರು ಇದಕ್ಕಿಂತ ಹೆಚ್ಚು ಕಷ್ಟಪಟ್ಟಿದ್ದಾರೆ. ಐಬಿಎಂ ಸಂಸ್ಥೆಯು 1983ರಲ್ಲಿ ಮನೆಗಳಿಗಾಗಿ ಪ್ರಕಟಿಸಿದ ಪಿಸಿ ಜೂನಿಯರ್ ಎಂಬ ಯಂತ್ರವನ್ನು ಟೀವಿಗೂ ಜೋಡಿಸಬಹುದಾಗಿದ್ದಿತು. ಅದರ ಕೀಲಿಮಣೆಗೆ ತಂತಿಯೂ ಬೇಕಿರಲಿಲ್ಲ. ಆದರೆ ಅದು ಅತಿರಕ್ತವೆಂಬ ಕಾಣದ ಕಿರಣಗಳಿಂದ ಕೆಲಸ ಮಾಡುತ್ತಿದ್ದುದರಿಂದ ಯಂತ್ರಕ್ಕೆ ಮುಖ ಕೊಟ್ಟೇ ಒತ್ತಬೇಕು. ನಡುವೆ ಯಾರಾದರೂ ಹಾದುಹೋದರೆ ಮಾತು ಅಲ್ಲಿಗೇ ತುಂಡು. ಕಾಫಿ ಲೋಟ ಹಿಡಿದು ಅಡ್ಡಾಡುವವರಿಂದಲೇ ತುಂಬಿದ ನಡುಮನೆಯಲ್ಲಿ ಅಂಥದು ಬಾಳುವುದು ಕಷ್ಟ. 1985ರಲ್ಲಿ ಆ ಯಂತ್ರದ ತಯಾರಿಕೆಯೇ ನಿಂತುಹೋಯಿತು. ರೇಡಿಯೋ ಅಲೆಗೆ ಅಡ್ಡ ಬರುವವರ ಲೆಕ್ಕವಿಲ್ಲ. ಕಳ್ಳರಿಗೂ ಅದು ಅಡ್ಡಿಯಿಲ್ಲದ್ದೇ: ಕೆಲವು ಅಗ್ಗದ ಕೀಲಿಮಣೆಗಳು ಒತ್ತಿದ್ದನ್ನೆಲ್ಲ ಗುಟ್ಟಿನ ಲಿಪಿಗೆ ಮಾರ್ಪಡಿಸದೆ ಬಯಲಿಗೆ ಸಾರುತ್ತವೆಂದೂ, ಬೀದಿಯಲ್ಲಿ ನಿಂತವನು ಅದನ್ನು ಓದಬಹುದೆಂದೂ 2016ರಲ್ಲಿ ಶೋಧಕರು ತೋರಿಸಿಕೊಟ್ಟರು. ಮಗನು ಇದನ್ನು ತಿಳಿಸಿ, ಬ್ಯಾಂಕಿನ ಗುಟ್ಟುಪದವನ್ನು ಮಾತ್ರ ಅದರಲ್ಲಿ ಒತ್ತಬೇಡಿರೆಂದು ಎಚ್ಚರಿಕೆ ಕೊಟ್ಟನು. ಬ್ಯಾಂಕಿನ ಸಂಗತಿ ಹಾಗಿರಲಿ, ಹಾಡನ್ನು ಕದಿಯುವವನಿದ್ದರೆ ಅವನಿಗೆ ಬಾಗಿಲಿಗೆ ಬಂದು ಕುಳಿತುಕೊಳ್ಳಲು ಹೇಳೆಂದು ಮೇಷ್ಟ್ರ ಉತ್ತರ.

ದೀಪವು ಉಣ್ಣುವ ಪ್ರಮಾಣವನ್ನು ಮನೆಯವರು ಕ್ರಮೇಣ ಅರಿತರು. ರೇಡಿಯೋ ಭಾಗವು ಕೀಲಿಯನ್ನು ಒತ್ತಿದಾಗ ಮಾತ್ರ ಎಚ್ಚೆತ್ತು ಒಂದು ಮಾತನ್ನಾಡಿ ಮಲಗುತ್ತದೆ. ಅದಕ್ಕೆ ಬೇಕಾದ ಶಕ್ತಿ ಅತ್ಯಲ್ಪ. ದೀಪಗಳಾದರೋ ಬೆರಳು ಒತ್ತಿದರೂ ಒತ್ತದಿದ್ದರೂ ಉರಿಯುತ್ತಿರಬೇಕು. ಆದಕಾರಣ ದೀಪವಿಲ್ಲದೆ ತಿಂಗಳುಗಟ್ಟಲೆ ಬಾಳಬಹುದಾದ ಬ್ಯಾಟರಿಯು ದೀಪವಿದ್ದಲ್ಲಿ ಕೆಲವೇ ದಿನಗಳಿಗೆ ಬರಿದಾಗುತ್ತದೆ. ಇದನ್ನು ತಡೆಯುವುದಕ್ಕಾಗಿಯೇ ಕೈ ಎತ್ತಿದ ಸ್ವಲ್ಪ ಹೊತ್ತಿಗೆ ದೀಪ ಆರುವಂತೆಯೂ ಮತ್ತೆ ಮುಟ್ಟಿದಾಗ ಹೊತ್ತಿಕೊಳ್ಳುವಂತೆಯೂ ಏರ್ಪಾಡು ಮಾಡಿದ್ದಾರೆ. ಆದರೆ ನಿದ್ದೆ ಹೋದ ಕೀಲಿಮಣೆಯನ್ನು ಎಬ್ಬಿಸಿದ ಮೊದಲನೆಯ ಅಕ್ಷರವು ಎಷ್ಟೋ ಸಲ ಎಬ್ಬಿಸುವುದಕ್ಕೇ ಖರ್ಚಾಗಿ ತೆರೆಗೆ ತಲಪುವುದಿಲ್ಲ. ಆಕೆ ಹಾಡುವಾಗ ನುಡಿಗೂ ನುಡಿಗೂ ನಡುವೆ ಉಸಿರು ತೆಗೆದುಕೊಳ್ಳುವ ಕಾಲ ದೀರ್ಘವಾದದ್ದು. ಅಷ್ಟರಲ್ಲಿ ದೀಪ ಆರಿರುತ್ತದೆ. ಮೇಷ್ಟ್ರು ಇದಕ್ಕೆ ಒಂದು ಉಪಾಯವನ್ನು ಕಂಡುಕೊಂಡರು: ಆಕೆ ಉಸಿರೆಳೆದ ಸದ್ದಾದೊಡನೆ ಬರಿಯ ಶಿಫ್ಟನ್ನೊಮ್ಮೆ ಒತ್ತುವುದು. ಅದು ತೆರೆಯ ಮೇಲೆ ಏನನ್ನೂ ಬರೆಯದು. ಕೀಲಿಮಣೆ ಮಾತ್ರ ಕಣ್ಣು ಬಿಡುವುದು.

ಮಾಘ ಮಾಸದ ಒಂದು ಜಾವ, ಈ ಉಪಾಯವೂ ನಡೆಯದ ಸಂದರ್ಭವೊಂದು ಬಂದಿತು. ಆಕೆಗೆ ಎರಡು ದಿನದಿಂದ ಜ್ವರ. ಟೀವಿಯ ಆ ಮಾಸಲು ಬೆಳಕೂ ಬೇಡವೆಂದು ಹೇಳಿದ್ದರಿಂದ ಮೇಷ್ಟ್ರು ತೆರೆಯನ್ನು ಆರಿಸಿ, ಹಿಂದಿನ ಪೆಟ್ಟಿಗೆಯನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು. ಜ್ವರದ ಗಡಿಬಿಡಿಯಲ್ಲಿ ಕೀಲಿಮಣೆಯನ್ನು ಚಾರ್ಜಿಗೆ ಹಾಕುವುದು ಯಾರಿಗೂ ನೆನಪಾಗಿರಲಿಲ್ಲ. ಶಕ್ತಿ ತೀರ ಕಡಮೆಯಾದಾಗ ಅದು ಬರವಣಿಗೆಯನ್ನು ಉಳಿಸಿಕೊಳ್ಳುವ ಸಲುವಾಗಿ ದೀಪವನ್ನು ತಾನೇ ಆರಿಸಿಕೊಂಡುಬಿಡುತ್ತದೆ. ಅದೇ ಹೊತ್ತಿಗೆ ಆಕೆ ಅದುವರೆಗೆ ಒಮ್ಮೆಯೂ ಹಾಡದಿದ್ದ ಪದವೊಂದನ್ನು ಎತ್ತಿಕೊಂಡರು. ತವರಿನ ಕೆರೆಯ ನೀರಿಗೆ ಹೋದ ಅಕ್ಕನೊಬ್ಬಳ ಕಥೆ. ಆಕೆಯ ದೊಡ್ಡಮ್ಮನಿಗೆ ಮಾತ್ರ ಪೂರ್ತಿ ಬರುತ್ತಿದ್ದದ್ದೆಂದು ಹಿಂದೊಮ್ಮೆ ಹೇಳಿದ್ದರು. ಎದ್ದು ದೀಪ ಹಾಕಿದರೆ ಹಾಡು ನಿಲ್ಲುತ್ತದೆ. ಹಾಕದಿದ್ದರೆ ಬರೆಯುವುದು ಹೇಗೆ? ಮೇಷ್ಟ್ರು ಕೀಲಿಮಣೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಕೈಗೆ ಬಿಟ್ಟುಬಿಟ್ಟರು.

ಆ ಕೈಗೆ ಒಂದು ಪೂರ್ವಜನ್ಮವಿದ್ದಿತು. ಉಪಾಧ್ಯಾಯ ವೃತ್ತಿಗೆ ಸೇರುವುದಕ್ಕೆ ಮೊದಲು, ಆ ಕಾಲದ ತರುಣರೆಲ್ಲರಂತೆ, ಮೇಷ್ಟ್ರು ಪೇಟೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಆರು ತಿಂಗಳು ಇಂಗ್ಲಿಷ್ ಬೆರಳಚ್ಚನ್ನು ಕಲಿತಿದ್ದರು. ಕೀಲಿಗಳನ್ನು ನೋಡಿದವರ ಬೆರಳಿಗೆ ಅಲ್ಲಿ ಅಡಿಕೋಲಿನ ಏಟು ಬೀಳುತ್ತಿದ್ದಿತು. ಐವತ್ತು ವರ್ಷ ಮಲಗಿದ್ದ ಆ ವಿದ್ಯೆ ಅಂದು ಎದ್ದು ಬಂದಿತು. ಹಾಡು ಹತ್ತೊಂಬತ್ತು ನುಡಿಗಳಷ್ಟಿದ್ದಿತು. ಮುಗಿಸಿದ ಆಕೆ ಬೆವರಿ ನಿದ್ದೆ ಹೋದರು, ಜ್ವರವೂ ಬಿಟ್ಟಿತು.

ಬೆಳಗ್ಗೆ ತೆರೆಯನ್ನು ಹೊತ್ತಿಸಿ ನೋಡಿದರೆ ಅದರ ಮೇಲಿದ್ದದ್ದು ಯಾವ ದೇಶದ ಭಾಷೆಯೋ ತಿಳಿಯದು. ಪದಗಳ ನಡುವೆ ಅರ್ಧವಿರಾಮಗಳು, ಬಾಣದ ಮೊನೆಯಂಥ ಗುರುತುಗಳು. ಅಕ್ಕನ ಹಾಡಿನಲ್ಲಿ ಅಕ್ಕನೇ ಇಲ್ಲ, ನೀರೂ ಇಲ್ಲ. ಮೊಮ್ಮಗನು, “ತಾತ, ಇದು ಹೋಯ್ತು, ಅಳಿಸಿಬಿಡಿ” ಎಂದನು. ಮೇಷ್ಟ್ರು ಅಳಿಸಲಿಲ್ಲ. ಹಳೆಯ ಶಾಸನದ ಪಡಿಯಚ್ಚನ್ನು ನೋಡುವಂತೆ ಮಧ್ಯಾಹ್ನದ ತನಕ ಅದನ್ನು ನೋಡುತ್ತ ಕುಳಿತರು. ಆಮೇಲೆ ಅವರಿಗೆ ಹೊಳೆದದ್ದು ಇದು: ಅಷ್ಟು ದೊಡ್ಡ ಪುಟದಲ್ಲಿ ಎಲ್ಲಿಯೂ ಒಂದು ನಕಾರವಿಲ್ಲ, ಒಂದು ಹಕಾರವಿಲ್ಲ, ಒಂದು ಯಕಾರವಿಲ್ಲ. ನಕಾರವಿಲ್ಲದೆ ಕನ್ನಡದಲ್ಲಿ ಎರಡು ವಾಕ್ಯ ನಡೆಯುವುದೂ ಕಷ್ಟ. ಕೀಲಿಮಣೆಯನ್ನು ನೋಡಿದರೆ ಆ ಮೂರು ಅಕ್ಷರಗಳೂ ಒಂದರ ಕೆಳಗೊಂದು ಬಲಗೈಯ ಪಾಲಿನ ಎಡ ಅಂಚಿನಲ್ಲಿಯೇ ಇವೆ. ಬಲಗೈ ಒಂದು ಕೀಲಿಯಷ್ಟು ಬಲಕ್ಕೆ ಸರಿದು ಕುಳಿತಿದ್ದರೆ ಅವುಗಳಿಗೆ ಬೆರಳು ತಾಕುವುದೇ ಇಲ್ಲ! ಎಡಗೈ ತನ್ನ ಸ್ಥಾನದಲ್ಲಿಯೇ ಇದ್ದಿತು. ಹೀಗಾಗಿ ಕಕಾರವೆಲ್ಲ ಲಕಾರವಾಗಿ ‘ಅಕ್ಕ’ ಎಂಬುದು ‘ಅಲ್ಲ’ ಎಂದಾಗಿದ್ದಿತು. ನಕಾರವು ಮಕಾರಕ್ಕೂ ಈಕಾರವು ಓಕಾರಕ್ಕೂ ಉಕಾರವು ಇಕಾರಕ್ಕೂ ಸರಿದು ಕೆರೆಯ ‘ನೀರು’ ‘ಮೋರಿ’ಯಾಗಿದ್ದಿತು. ಅರ್ಧವಿರಾಮಗಳೆಲ್ಲ ಲಕಾರಗಳು, ಬಾಣದ ಮೊನೆಗಳೆಲ್ಲ ಸೊನ್ನೆಗಳು. ಬಲಗೈಯ ಪ್ರತಿಯೊಂದು ಅಕ್ಷರವನ್ನೂ ಒಂದೊಂದು ಮನೆ ಎಡಕ್ಕೆ ತಳ್ಳಿದಾಗ, ಚೌಕಾಬಾರದ ಕಾಯಿಗಳು ತಂತಮ್ಮ ಕಟ್ಟೆಗೆ ಬಂದಂತೆ, ನುಡಿಗಳು ಒಂದೊಂದಾಗಿ ಎದ್ದು ನಿಂತವು. ಹತ್ತೊಂಬತ್ತರಲ್ಲಿ ಹದಿನೇಳು ಪೂರ್ಣವಾಗಿ ದೊರೆತವು. ಮತ್ತೆರಡರಲ್ಲಿ ಬೆರಳು ತಾನಾಗಿಯೇ ತಡವರಿಸಿದ್ದಿತು. ಅವಕ್ಕೆ ಯಾವ ಲೆಕ್ಕವೂ ಹೊಂದಲಿಲ್ಲ.

ಎಫ್ ಮತ್ತು ಜೆ ಎಂಬ ಎರಡು ಕೀಲಿಗಳ ಮೇಲೆ ಅಕ್ಕಿಯ ಕಾಳಿನಷ್ಟು ಉಬ್ಬಿದ ಒಂದೊಂದು ಗೆರೆಯಿರುತ್ತದೆ. ಕಣ್ಣಿಲ್ಲದೆಯೇ ತೋರುಬೆರಳುಗಳು ತಮ್ಮ ಮನೆಯನ್ನು ತಿಳಿಯಲೆಂದು ಇಟ್ಟ ಗುರುತು ಅದು. ಬೆಳಗುವ ಕೀಲಿಮಣೆ ಬಂದಂದಿನಿಂದ ಮೇಷ್ಟ್ರು ಆ ಗೆರೆಗಳನ್ನು ಗಮನಿಸಿದವರೇ ಅಲ್ಲ. ದೀಪವಿರುವಾಗ ಯಾರು ಗೋಡೆಯನ್ನು ತಡವುತ್ತಾರೆ? ಈಗ ಕೂರುವಾಗಲೇ ಎರಡು ತೋರುಬೆರಳುಗಳನ್ನೂ ಆ ಗೆರೆಗಳ ಮೇಲಿಟ್ಟು, ಒಮ್ಮೆ ಉಜ್ಜಿ ನೋಡಿ, ಆಮೇಲೆಯೇ ಶಿಫ್ಟನ್ನು ಒತ್ತುತ್ತಾರೆ. ಎಡಗೈಯ ಗೆರೆಯು ಒತ್ತಿನ ಕೀಲಿಯ ಮೇಲೆಯೇ ಬಂದಿರುವುದು ಕನ್ನಡಕ್ಕೆ ಒದಗಿದ ಒಂದು ಅನುಕೂಲ. ದೀಪವನ್ನು ಅವರು ಬಿಟ್ಟಿಲ್ಲ. ಹಾಡಿನ ನಡುವೆ ಅಂಕಿಯೋ ಆವರಣ ಚಿಹ್ನೆಯೋ ಬೇಕಾದಾಗ ಅದೇ ಗತಿ. ಆದರೆ ಕೋಳಿಯಂತೆ ತಲೆ ತಗ್ಗಿಸುವುದು ಬಹಳ ಮಟ್ಟಿಗೆ ನಿಂತಿದೆಯಂತೆ. ಚಾರ್ಜಿಗೆ ಹಾಕುವ ಕೆಲಸ ಸೊಸೆಯದು. ಪ್ರತಿ ಶನಿವಾರ ರಾತ್ರಿ ಧಾರಾವಾಹಿ ಮುಗಿದ ಮೇಲೆ ಅದಕ್ಕೊಂದು ತಂತಿ ಕಟ್ಟುತ್ತಾಳೆ.

ಬರೆದದ್ದನ್ನು ಹಗಲಿನಲ್ಲಿ ಆಕೆಗೆ ತೋರಿಸುವುದು ಈಚಿನ ಪದ್ಧತಿ. ಸಣ್ಣ ಅಕ್ಷರದ ಪುಸ್ತಕವನ್ನು ಎಂದೋ ಬಿಟ್ಟಿದ್ದ ಆಕೆ ಮಂಚದ ಮೇಲೆ ದಿಂಬಿಗೊರಗಿ ಟ��ವಿಯ ದಪ್ಪಕ್ಷರಗಳನ್ನು ಗಟ್ಟಿಯಾಗಿ ಕೂಡಿಸಿ ಓದುತ್ತಾರೆ. ತಪ್ಪು ಕಂಡಲ್ಲಿ ಕೋಲಿನಿಂದ ತೋರಿಸುತ್ತಾರೆ. ಪಂಡಿತರ ಕೈ ಅಭ್ಯಾಸಬಲದಿಂದ ಎಷ್ಟೋ ಕಡೆ ಹಳ್ಳಿಯ ಮಾತನ್ನು ಗ್ರಂಥದ ಮಾತಾಗಿ ತಿದ್ದಿರುತ್ತದೆ. “ನಾನು ಹಿಂಗೆ ಅಂದೇ ಇಲ್ಲ. ಇದು ನಿಮ್ಮ ಇಸ್ಕೂಲು ಮಾತು” ಎಂದರೆ ಮೇಷ್ಟ್ರು ವಾದ ಮಾಡದೆ ಅಳಿಸಿ ಬರೆಯುತ್ತಾರೆ. ಇದುವರೆಗೆ ಮೂವತ್ತೊಂದು ಪದಗಳಾಗಿವೆ. ಅಕ್ಕನ ಹಾಡಿನ ಆ ಎರಡು ನುಡಿಗಳ ಸ್ಥಳ ಮಾತ್ರ ಬರಿದಾಗಿಯೇ ಇದೆ. ಊಹಿಸಿ ತುಂಬುವುದು ಮೇಷ್ಟ್ರಿಗೆ ಕಷ್ಟವಾಗಿರಲಿಲ್ಲ, ಆಕೆ ಬೇಡವೆಂದರು. ಹಗಲಿನಲ್ಲಿ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲವೆಂದು ಒಂದು ದಿನ ಕೀಲಿಮಣೆಯನ್ನು ತಮ್ಮ ತೊಡೆಗೇ ಕೇಳಿ ಪಡೆದು, “ಇದರಲ್ಲಿ ಳ ಎಲ್ಲಿದೆ, ತೋರಿಸಿ” ಎಂದರು. ಮೇಷ್ಟ್ರು ತೋರಿಸಿದರು. ಆಕೆ ಒಂದೇ ಬೆರಳಿನಿಂದ ಖಾಲಿಯಿದ್ದ ಆ ಜಾಗದಲ್ಲಿ ತಮ್ಮ ದೊಡ್ಡಮ್ಮನ ಹೆಸರನ್ನು ಬರೆದು, ಉಳಿದದ್ದು ಅವಳಿಗೇ ಗೊತ್ತು ಎಂದು ಕೀಲಿಮಣೆಯನ್ನು ಹಿಂದಕ್ಕೆ ಕೊಟ್ಟರು.